ಸ್ಪೀಕರಿನ ತಂತಿ ಎಷ್ಟು ದಪ್ಪವಿರಬೇಕು?

ನಮ್ಮ ಮಿತ್ರರಾದ ಒಬ್ಬ ನಿವೃತ್ತ ಉಪಾಧ್ಯಾಯರು ಸಂಗೀತದ ವಿಷಯದಲ್ಲಿ ಬಹು ಸೂಕ್ಷ್ಮವಾದ ಕಿವಿಯುಳ್ಳವರು. ವೃದ್ಧಾಪ್ಯದಿಂದ ಕಾಲುಗಳ ಶಕ್ತಿ ಕುಗ್ಗಿ ಅವರು ಹಿತ್ತಿಲ ಕಡೆಯ ಕೋಣೆಯಲ್ಲಿಯೇ ಇರಬೇಕಾಗಿ ಬಂದಾಗ, ಮಕ್ಕಳು ಹಜಾರದಲ್ಲಿದ್ದ ಎರಡು ಸ್ಪೀಕರುಗಳನ್ನು ಆ ಕೋಣೆಗೆ ಸಾಗಿಸಿದರು. ಆಂಪ್ಲಿಫಯರು ಮಾತ್ರ ಹಜಾರದ ಗೂಡಿನಲ್ಲಿಯೇ ಉಳಿಯಿತು. ಅಲ್ಲಿಂದ ಬಾಗಿಲುಗಳ ಚೌಕಟ್ಟಿನ ಮೇಲೆ ಹಾಯಿಸಿ, ಅಂಗಡಿಯಿಂದ ತಂದ ಸಣ್ಣ ಜೋಡಿ ತಂತಿಯೊಂದನ್ನು ಎಳೆದದ್ದಾಯಿತು. ಒಂದೊಂದು ಸ್ಪೀಕರಿಗೂ 14 ಮೀಟರು ದೂರ. ಮೊದಲ ದಿನವೇ ಉಪಾಧ್ಯಾಯರು ಮುಖ ಸಿಂಡರಿಸಿದರು. “ಯಂತ್ರ ಅದೇ, ಪೆಟ್ಟಿಗೆಗಳೂ ಅವೇ, ಆದರೆ ಮೃದಂಗದ ತೊಪ್ಪಿ ಬಾತುಕೊಂಡಂತೆ ಕೇಳುತ್ತದಲ್ಲ!” ಎಂದರು.

ವಯಸ್ಸಾದವರ ಕಿವಿಯ ದೋಷವೆಂದು ಮನೆಯವರು ಸುಮ್ಮನಾದರು. ಹಾಗಲ್ಲವೆಂದು ಅವರು ಹಟ ಹಿಡಿದಾಗ, ದೊಡ್ಡ ಮಗ ಒಂದು ಅಂಗಡಿಯಲ್ಲಿ ವಿಚಾರಿಸಿದನು. ಅಲ್ಲಿಯವರು ಬೆರಳು ಗಾತ್ರದ, ಬಣ್ಣದ ಹೆಣಿಗೆಯ ಹೊದಿಕೆಯುಳ್ಳ ಒಂದು ತಂತಿಯನ್ನು ತೋರಿಸಿ, ಇದಿಲ್ಲದೆ ಸಂಗೀತವೇ ಇಲ್ಲವೆಂದರಂತೆ. ಅದರ ಬೆಲೆ ಎರಡು ಸ್ಪೀಕರುಗಳ ಬೆಲೆಗೆ ಸಮನಾಗಿತ್ತು. ಪಿಂಚಣಿಯ ಹಣದಲ್ಲಿ ಅಷ್ಟನ್ನು ತಂತಿಗೆ ಸುರಿಯುವುದು ಸರಿಯೇ ಎಂಬ ಪ್ರಶ್ನೆ ಆಗ ನಮ್ಮವರೆಗೆ ಬಂದಿತು.

ಈ ಪ್ರಶ್ನೆಗೆ ಲೋಕದಲ್ಲಿ ಎರಡು ಉತ್ತರಗಳು ರೂಢಿಯಲ್ಲಿವೆ. ತಂತಿ ಎಂದರೆ ತಂತಿ, ಯಾವುದಾದರೇನು ಎಂಬುದೊಂದು. ತಂತಿಯೇ ಸರ್ವಸ್ವ, ಬೆಲೆ ಏರಿದಂತೆ ನಾದವೂ ಏರುತ್ತದೆ ಎಂಬುದು ಇನ್ನೊಂದು. ಎರಡೂ ತಪ್ಪೆಂದು ತೋರಿಸುವುದಕ್ಕೆ ಶಾಲೆಯಲ್ಲಿ ಕಲಿತ ಓಮನ ನಿಯಮ ಮತ್ತು ಒಂದಿಷ್ಟು ಗುಣಾಕಾರ ಸಾಕು.

ಮೊದಲು ಈ ತಂತಿಯಲ್ಲಿ ಹರಿಯುವುದೇನು ಎಂಬುದನ್ನು ನೋಡೋಣ. ಮನೆಯ ವಿದ್ಯುದ್ದೀಪಕ್ಕೆ ಹೋಗುವ ತಂತಿಯಲ್ಲಿ ಒತ್ತಡ ಹೆಚ್ಚು, ಪ್ರವಾಹ ಕಡಮೆ. 230 ವೋಲ್ಟಿನ ಮೇಲೆ ಉರಿಯುವ 60 ವಾಟಿನ ಹಳೆಯ ಬಲ್ಬು ಎಳೆಯುತ್ತಿದ್ದುದು ಕಾಲು ಆಂಪಿಯರಿಗಿಂತ ತುಸು ಹೆಚ್ಚು, ಅಷ್ಟೆ. ಸ್ಪೀಕರಿನ ಸ್ಥಿತಿ ಇದಕ್ಕೆ ವಿರುದ್ಧ. ಅದು ಪ್ರವಾಹಕ್ಕೆ ಒಡ್ಡುವ ತಡೆ ಬಹು ಅಲ್ಪ, ಸಾಮಾನ್ಯವಾಗಿ 8 ಓಮ್, ಕೆಲವುದರಲ್ಲಿ 4 ಓಮ್ ಮಾತ್ರ. 8 ಓಮಿನ ಸ್ಪೀಕರಿಗೆ ಒಂದು ಗಳಿಗೆ 50 ವಾಟು ಶಕ್ತಿಯನ್ನು ತಲಪಿಸಬೇಕಾದರೆ 20 ವೋಲ್ಟು ಒತ್ತಡದಲ್ಲಿ ಎರಡೂವರೆ ಆಂಪಿಯರು ಹರಿಯಬೇಕು. ಎಂದರೆ, ಆ ಬಲ್ಬಿಗಿಂತ ಕಡಮೆ ಶಕ್ತಿಗೆ ಅದರ ಹತ್ತರಷ್ಟು ಸಮೀಪದ ಪ್ರವಾಹ! ಪ್ರವಾಹ ಹೆಚ್ಚು, ತಡೆ ಕಡಮೆ ಎಂಬ ಈ ಜೋಡಿಯೇ ಸ್ಪೀಕರಿನ ತಂತಿಯನ್ನು ಇತರ ತಂತಿಗಳಿಂದ ಬೇರ್ಪಡಿಸುತ್ತದೆ. ಸಾವಿರಾರು ಓಮುಗಳ ಎದುರಿನಲ್ಲಿ ಒಂದು ಓಮಿಗೆ ಬೆಲೆಯಿಲ್ಲ. ಎಂಟು ಓಮುಗಳ ಎದುರಿನಲ್ಲಿ ಅದು ಎಂಟನೆಯ ಒಂದು ಪಾಲು.

ತಂತಿಗೂ ತನ್ನದೇ ಆದ ರೋಧವುಂಟು. ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇದರ ಲೆಕ್ಕ ಲೋಕಕ್ಕೆ ತಿಳಿಯಿತು. ಆತನೂ ಒಬ್ಬ ಶಾಲೆಯ ಉಪಾಧ್ಯಾಯನೇ ಎಂಬುದು ನಮ್ಮ ಮಿತ್ರರಿಗೆ ಸಂತೋಷ ಕೊಟ್ಟ ಸಂಗತಿ. ತಂತಿ ಉದ್ದವಾದಷ್ಟೂ ರೋಧ ಹೆಚ್ಚುತ್ತದೆ; ಅದರ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚಿದಷ್ಟೂ ರೋಧ ತಗ್ಗುತ್ತದೆ. ಒಂದು ಚದರ ಮಿಲಿಮೀಟರು ಅಡ್ಡಕೊಯ್ತದ ಒಂದು ಮೀಟರು ತಾಮ್ರದ ತಂತಿಗೆ 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ರೋಧ 0.0172 ಓಮ್. ಈ ಒಂದು ಅಂಕಿಯನ್ನು ನೆನಪಿಟ್ಟರೆ ಉಳಿದುದೆಲ್ಲ ಮಕ್ಕಳ ಲೆಕ್ಕ. ಆದರೆ ಒಂದು ಎಚ್ಚರಿಕೆ: ಪ್ರವಾಹವು ಹೋದ ಮೇಲೆ ಹಿಂದಿರುಗಿಯೂ ಬರಬೇಕಾದುದರಿಂದ ದೂರವನ್ನು ಇಮ್ಮಡಿಗೊಳಿಸಬೇಕು. 14 ಮೀಟರು ದೂರಕ್ಕೆ 28 ಮೀಟರು ತಂತಿಯ ರೋಧವನ್ನು ಎಣಿಸತಕ್ಕದ್ದು. ಇದನ್ನು ಮರೆತು ಅರ್ಧ ಲೆಕ್ಕ ಹಾಕುವವರು ಬಹು ಮಂದಿ.

ಅಂಗಡಿಯ ಭಾಷೆಯನ್ನೂ ಸ್ವಲ್ಪ ತಿಳಿದಿರುವುದು ಒಳ್ಳೆಯದು. ಮೃದುವಾದ ತಂತಿಗಳನ್ನು ಎಳೆಗಳ ಎಣಿಕೆ ಮತ್ತು ಪ್ರತಿ ಎಳೆಯ ಗೇಜು ಹೇಳಿ ಕೇಳುವ ರೂಢಿಯಿದೆ. 14/36 ಎಂದರೆ 36ನೆಯ ಗೇಜಿನ 14 ಎಳೆಗಳು. ಅಂತಹ ಒಂದು ಎಳೆಯ ವ್ಯಾಸ 0.193 ಮಿಲಿಮೀಟರು, ಹದಿನಾಲ್ಕು ಎಳೆಗಳೂ ಸೇರಿ ಸುಮಾರು 0.41 ಚದರ ಮಿಲಿಮೀಟರು. 23/36 ಎಂಬುದು ಸುಮಾರು 0.67, 40/36 ಎಂಬುದು ಸುಮಾರು 1.17. ಗೇಜಿನ ಸಂಖ್ಯೆ ದೊಡ್ಡದಾದಷ್ಟೂ ಎಳೆ ಸಣ್ಣದಾಗುತ್ತದೆಂಬುದು ಹೊಸಬರನ್ನು ತಬ್ಬಿಬ್ಬುಗೊಳಿಸುತ್ತದೆ. ಚದರ ಮಿಲಿಮೀಟರಿನಲ್ಲಿಯೇ ಕೇಳಿದರೆ ಈ ಗೊಂದಲವಿಲ್ಲ. ಮನೆಯ ತಂತಿಗಳು 0.75, 1, 1.5, 2.5, 4 ಹೀಗೆ ದೊರೆಯುತ್ತವೆ.

ಉಪಾಧ್ಯಾಯರ ಮನೆಯ ತಂತಿ 14/36. ಅದರ 28 ಮೀಟರಿನ ರೋಧ ಲೆಕ್ಕದ ಪ್ರಕಾರ ಸುಮಾರು 1.17 ಓಮ್. ಸ್ಪೀಕರಿನ 8 ಓಮಿನೊಡನೆ ಇದು ಸಾಲಾಗಿ ನಿಂತಾಗ ಆಂಪ್ಲಿಫಯರಿನ ಒತ್ತಡದಲ್ಲಿ ಎಂಟನೆಯ ಒಂದು ಪಾಲಿನಷ್ಟು ತಂತಿಯಲ್ಲಿಯೇ ಸೋರಿಹೋಗುತ್ತದೆ. ಇಷ್ಟಾದರೆ ಕೇಡೇನು? ಶಬ್ದ ಒಂದು ಡೆಸಿಬೆಲ್ಲಿಗಿಂತ ತುಸು ಹೆಚ್ಚು ತಗ್ಗುತ್ತದೆ. ಗುಂಡಿಯನ್ನು ಕೊಂಚ ತಿರುಗಿಸಿದರೆ ನಷ್ಟ ತುಂಬುತ್ತದೆ. ತೆಳ್ಳನೆಯ ತಂತಿಯ ದೋಷ ಇಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯಬೇಕಾದ ಅಗತ್ಯವೇ ಇರುತ್ತಿರಲಿಲ್ಲ.

ನಿಜವಾದ ದೋಷ ಬೇರೆಡೆ ಇದೆ. ಸ್ಪೀಕರಿನ ಹಿಂಬದಿಯಲ್ಲಿ 8 ಓಮ್ ಎಂದು ಅಚ್ಚಾಗಿರುವುದು ಕೇವಲ ಒಂದು ಒಟ್ಟಂದಾಜು. ಅದರ ತಡೆ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಸ್ಪೀಕರಿನ ಕಾಗದದ ಶಂಕು, ಅದನ್ನು ಹಿಡಿದಿರುವ ಅಂಚು, ಪೆಟ್ಟಿಗೆಯೊಳಗಿನ ಗಾಳಿ ಇವೆಲ್ಲ ಸೇರಿ ಒಂದು ಉಯ್ಯಾಲೆಯಂತೆ. ಉಯ್ಯಾಲೆಗೆ ಒಂದು ಸ್ವಂತ ಲಯವಿರುವಂತೆ ಇವಕ್ಕೂ ಒಂದು ಸ್ವಂತ ಕಂಪನಸಂಖ್ಯೆಯುಂಟು. ಸಣ್ಣ ಪೆಟ್ಟಿಗೆಗಳಲ್ಲಿ ಅದು ಬಹುಮಟ್ಟಿಗೆ ಮಂದ್ರದಲ್ಲಿ, ಸೆಕೆಂಡಿಗೆ 60ರಿಂದ 100 ಕಂಪನಗಳ ಸುತ್ತಮುತ್ತ ಬೀಳುತ್ತದೆ. ಆ ಸ್ವರದಲ್ಲಿ ಶಂಕು ಹೆಚ್ಚು ತೂಗುತ್ತದೆ. ಅಯಸ್ಕಾಂತದ ನಡುವೆ ತೂಗುವ ಅದರ ಸುರುಳಿ ತಾನೇ ಒಂದು ಸಣ್ಣ ಡೈನಮೋದಂತೆ ಎದುರು ಒತ್ತಡವನ್ನು ಹುಟ್ಟಿಸುತ್ತದೆ. ಅದರಿಂದ ಪ್ರವಾಹ ಕುಗ್ಗಿ, ಹೊರಗಿನಿಂದ ನೋಡುವವರಿಗೆ ತಡೆ ಹೆಚ್ಚಿದಂತೆ ಕಾಣುತ್ತದೆ. 8 ಓಮಿನ ಸ್ಪೀಕರೆಂದು ಹೆಸರಾದುದು ಆ ಸ್ವರದಲ್ಲಿ 30 ಓಮ್ ತೋರಿಸಿ, ಅದರಿಂದ ಮೇಲಣ ಸ್ವರಗಳಲ್ಲಿ 6 ಓಮಿಗೆ ಇಳಿಯುವುದು ಅಪರೂಪವೇನಲ್ಲ.

ಈಗ ನಡುವೆ ತಂತಿಯನ್ನು ಇಟ್ಟು ನೋಡಿ. ತಂತಿಯ 1.17 ಓಮ್ ಎಲ್ಲ ಸ್ವರಗಳಿಗೂ ಒಂದೇ. 30 ಓಮಿನ ಎದುರಿನಲ್ಲಿ ಅದು ಕಿತ್ತುಕೊಳ್ಳುವುದು ಮೂರನೆಯ ಒಂದು ಡೆಸಿಬೆಲ್. 6 ಓಮಿನ ಎದುರಿನಲ್ಲಿ ಒಂದೂವರೆ ಡೆಸಿಬೆಲ್. ತಂತಿಯು ಎಲ್ಲ ಸ್ವರಗಳಿಂದಲೂ ಸಮನಾದ ಸುಂಕ ವಸೂಲುಮಾಡುವುದಿಲ್ಲ. ಮಂದ್ರದ ಒಂದು ಕಡೆಯನ್ನು ಬಿಟ್ಟುಕೊಟ್ಟು ಉಳಿದ ಕಡೆ ಹೆಚ್ಚು ಕೀಳುತ್ತದೆ. ಪರಿಣಾಮವಾಗಿ ಸ್ಪೀಕರಿನ ಸ್ವಂತ ಕಂಪನದ ಆಸುಪಾಸಿನ ಮಂದ್ರ ಸ್ವರಗಳು ಇತರ ಸ್ವರಗಳಿಗಿಂತ ಒಂದು ಡೆಸಿಬೆಲ್ಲಿಗೂ ಮಿಗಿಲಾಗಿ ಉಬ್ಬಿ ನಿಲ್ಲುತ್ತವೆ. ಮೃದಂಗದ ತೊಪ್ಪಿಯ ಗುಮ್ಕಿ ನುಡಿಯುವುದು ಈ ಮಂದ್ರದ ಪ್ರದೇಶದಲ್ಲಿಯೇ. ಉಪಾಧ್ಯಾಯರು ಬಳಸಿದ ‘ಬಾತುಕೊಂಡಿದೆ’ ಎಂಬ ಮಾತಿಗಿಂತ ಸರಿಯಾದ ವರ್ಣನೆಯನ್ನು ನಾವು ಕೊಡಲಾರೆವು.

ಇದೇ ಸಂಗತಿಯನ್ನು ಇನ್ನೊಂದು ಬಗೆಯಾಗಿಯೂ ಹೇಳುವುದುಂಟು. ತೂಗುತ್ತಿರುವ ಸುರುಳಿ ಹುಟ್ಟಿಸುವ ಎದುರು ಒತ್ತಡಕ್ಕೆ ಆಂಪ್ಲಿಫಯರಿನ ಮೂಲಕ ಸುಲಭವಾದ ದಾರಿ ಸಿಕ್ಕರೆ, ಆ ಪ್ರವಾಹವು ಸುರುಳಿಯ ಚಲನೆಯನ್ನೇ ಹಿಡಿದು ನಿಲ್ಲಿಸುತ್ತದೆ. ಬಂಡಿಗೆ ಬಿರಿ ಹಾಕಿದಂತೆ. ದಾರಿಯಲ್ಲಿ ರೋಧ ಹೆಚ್ಚಾದರೆ ಬಿರಿ ಸಡಿಲವಾಗುತ್ತದೆ, ಪೆಟ್ಟು ಮುಗಿದ ಮೇಲೂ ಶಂಕು ಒಂದೆರಡು ತೂಗು ತೂಗುತ್ತದೆ. ದಪ್ಪ ತಂತಿಯನ್ನು ಮಾರುವವರು ಈ ಬಿರಿಯ ಮಾತನ್ನು ಬಹಳ ದೊಡ್ಡದು ಮಾಡುತ್ತಾರೆ. ಅವರು ಹೇಳದೆ ಬಿಡುವ ಒಂದು ವಿಷಯವಿದೆ: ಆ ದಾರಿಯಲ್ಲಿ ಸ್ಪೀಕರಿನ ಸುರುಳಿಯೂ ಸೇರಿದೆ. ಆ ಸುರುಳಿಯಾದರೋ ಮೀಟರುಗಟ್ಟಲೆ ಉದ್ದದ, ಬಹು ಸಣ್ಣನೆಯ ತಂತಿಯನ್ನು ಸುತ್ತಿ ಮಾಡಿದ್ದು. 8 ಓಮಿನ ಸ್ಪೀಕರಿನಲ್ಲಿ ಅದರ ರೋಧವೇ ಐದೂವರೆ, ಆರು ಓಮ್. ತಂತಿಯ ರೋಧವನ್ನು 1.17 ಓಮಿನಿಂದ 0.2ಕ್ಕೆ ಇಳಿಸಿದರೆ ದಾರಿಯ ಒಟ್ಟು ರೋಧ ಗಣನೀಯವಾಗಿ ತಗ್ಗುತ್ತದೆ. 0.2ರಿಂದ 0.02ಕ್ಕೆ ಇಳಿಸಲು ತಂತಿಯನ್ನು ಹತ್ತು ಪಟ್ಟು ದಪ್ಪಗೊಳಿಸಿದರೆ ಒಟ್ಟಿನಲ್ಲಿ ಆಗುವ ವ್ಯತ್ಯಾಸ ಶೇಕಡ ಮೂರು. ಗೋಣಿಹುರಿಯ ತುದಿಗೆ ಹಡಗಿನ ಹಗ್ಗವನ್ನು ಕಟ್ಟಿದರೆ ಹುರಿಯ ಬಲ ಹೆಚ್ಚುವುದಿಲ್ಲವಷ್ಟೆ!

ಇಷ್ಟು ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಂಡು ನಾವು ಉಪಾಧ್ಯಾಯರ ಮನೆಗೆ ಹೋದೆವು. ಮೊದಲು ತಂತಿಯನ್ನು ದೂರುವುದು ನ್ಯಾಯವೇ ಎಂದು ನೋಡಬೇಕಾಗಿತ್ತು. ಏಕೆಂದರೆ ಸ್ಪೀಕರುಗಳು ಕೋಣೆಯನ್ನೂ ಬದಲಾಯಿಸಿದ್ದವು. ಮಂದ್ರ ಸ್ವರಗಳನ್ನು ಕೆಡಿಸುವುದರಲ್ಲಿ ಕೋಣೆಯ ಗೋಡೆ ಮೂಲೆಗಳಿಗೆ ಸಮನಾದುದು ಬೇರೊಂದಿಲ್ಲ. ಆದಕಾರಣ ಆಂಪ್ಲಿಫಯರನ್ನೇ ಹೊತ್ತು ತಂದು, ಮಂಚದ ಪಕ್ಕದಲ್ಲಿಟ್ಟು, ಒಂದು ಮೀಟರು ತಂತಿಯಿಂದ ಜೋಡಿಸಿದೆವು. ಉಪಾಧ್ಯಾಯರು ಎರಡು ನಿಮಿಷ ಕೇಳಿ, “ಇದು ನನ್ನ ಮೃದಂಗ” ಎಂದರು. ಕೋಣೆ ನಿರಪರಾಧಿ ಎಂದು ಸ್ಥಿರಪಟ್ಟಿತು.

ಅನಂತರ ಉದ್ದ ತಂತಿಯ ಒಂದು ಕೊನೆಯ ಎರಡು ಎಳೆಗಳನ್ನು ಒಂದಕ್ಕೊಂದು ಹೊಸೆದು, ಇನ್ನೊಂದು ಕೊನೆಯಲ್ಲಿ ಮಲ್ಟಿಮೀಟರಿನಿಂದ ರೋಧವನ್ನು ಅಳೆದೆವು. ಮೀಟರು 2.1 ಓಮ್ ತೋರಿಸಿತು. ಮೀಟರಿನ ಎರಡು ಕಡ್ಡಿಗಳನ್ನು ನೇರವಾಗಿ ತಾಗಿಸಿದಾಗಲೂ 0.3 ತೋರಿಸುತ್ತಿದ್ದುದರಿಂದ ಅದನ್ನು ಕಳೆಯಬೇಕು, ಉಳಿದುದು 1.8. ಲೆಕ್ಕ ಹೇಳಿದ್ದು 1.17! ಉದ್ದವನ್ನು ಮತ್ತೆ ಅಳೆದೆವು, ಎಳೆಗಳನ್ನು ಮತ್ತೆ ಎಣಿಸಿದೆವು, ಎರಡೂ ಸರಿಯಾಗಿದ್ದವು. ಓಮನ ನಿಯಮ ತಪ್ಪುವಂತಿಲ್ಲ. ತಪ್ಪಿರುವುದು ತಾಮ್ರವೇ ಇರಬೇಕೆಂದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದಾಗ, ಕೆಂಪು ಲೇಪದ ಕೆಳಗೆ ಬೆಳ್ಳಗೆ ಹೊಳೆಯಿತು. ಅದು ತಾಮ್ರದ ತೆಳು ಹೊದಿಕೆಯುಳ್ಳ ಅಲ್ಯುಮಿನಿಯಂ ತಂತಿ. ಅಂತಹ ತಂತಿಯ ರೋಧ ಅದೇ ಗಾತ್ರದ ತಾಮ್ರದ ತಂತಿಯ ಸುಮಾರು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಅಂಕಿಗಳು ಅಚ್ಚುಕಟ್ಟಾಗಿ ಕೂಡಿಬಂದವು. 1.8 ಓಮಿನ ಮೇಲೆ ಮಂದ್ರದ ಉಬ್ಬು ಒಂದೂ ಮುಕ್ಕಾಲು ಡೆಸಿಬೆಲ್ಲಿನಷ್ಟಾಗುತ್ತದೆ. ಅಭ್ಯಾಸವುಳ್ಳ ಕಿವಿಗೆ ಇದು ನಿಶ್ಚಯವಾಗಿಯೂ ಗೋಚರವಾಗತಕ್ಕದ್ದು. ವಯಸ್ಸಿನ ಮೇಲೆ ಹೊರಿಸಿದ್ದ ದೂರನ್ನು ಮನೆಯವರು ಅಂದೇ ಹಿಂದಕ್ಕೆ ತೆಗೆದುಕೊಂಡರು.

ಇದರ ಬದಲಿಗೆ ಯಾವ ತಂತಿಯನ್ನು ಹಾಕಬೇಕು? ತಂತಿಯ ಹೋಗಿಬರುವ ಒಟ್ಟು ರೋಧ ಸ್ಪೀಕರಿನ ಓಮಿನ ನೂರಕ್ಕೆ ಐದನ್ನು ಮೀರಬಾರದೆಂಬುದು ಈ ಕ್ಷೇತ್ರದಲ್ಲಿ ಅನುಭವಿಗಳು ಇಟ್ಟುಕೊಂಡಿರುವ ಒಂದು ಮಿತಿ. 8 ಓಮಿಗೆ 0.4, 4 ಓಮಿಗೆ 0.2. ಉಪಾಧ್ಯಾಯರ ದೂರಕ್ಕೆ 1.5 ಚದರ ಮಿಲಿಮೀಟರಿನ ಅಪ್ಪಟ ತಾಮ್ರ 0.32 ಓಮ್ ಕೊಡುತ್ತದೆ, ಸಾಕು. 2.5 ಆದರೆ 0.19 ಓಮ್, ಮಂದ್ರದ ಉಬ್ಬು ಐದನೆಯ ಒಂದು ಡೆಸಿಬೆಲ್ಲಿನ ಸಮೀಪಕ್ಕೆ ಇಳಿಯುತ್ತದೆ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದ್ದರಿಂದ 2.5ನ್ನೇ ತರಿಸಿದೆವು. ಮನೆಯ ವಿದ್ಯುತ್ತಿಗೆ ಬಳಸುವ ಸಾಮಾನ್ಯ ಮೃದು ತಂತಿಯೇ ಅದು. ಹೆಚ್ಚಿನ ವಾಚಕರ ಮನೆಗಳಲ್ಲಿ ಸ್ಪೀಕರು ಮೂರು ನಾಲ್ಕು ಮೀಟರಿನ ಒಳಗೇ ಇರುವುದರಿಂದ ಅವರಿಗೆ 0.75 ಅಥವಾ 1 ಚದರ ಮಿಲಿಮೀಟರೇ ಧಾರಾಳವಾಗಿ ಸಾಲುತ್ತದೆ. 4 ಓಮಿನ ಸ್ಪೀಕರಾದರೆ 1.5 ಇರಲಿ.

ಆ ದುಬಾರಿ ತಂತಿಯ ಗತಿಯೇನೆಂದು ವಾಚಕರು ಕೇಳಬಹುದು. ಅಂಗಡಿಯವರು ವಿಶ್ವಾಸದಿಂದ ಅದನ್ನು ನಾಲ್ಕು ದಿನಗಳ ಮಟ್ಟಿಗೆ ಕೊಟ್ಟಿದ್ದರು. ಶಬ್ದದ ಮಟ್ಟವನ್ನು ಮೀಟರಿನಿಂದ ಸಮಗೊಳಿಸಿ, ಯಾವ ತಂತಿ ಎಂಬುದು ಉಪಾಧ್ಯಾಯರಿಗೆ ತಿಳಿಯದಂತೆ ಮೊಮ್ಮಗನು ಹಜಾರದಲ್ಲಿ ಕುಳಿತು ನಾಣ್ಯ ಚಿಮ್ಮಿ ತಂತಿಗಳನ್ನು ಬದಲಾಯಿಸುತ್ತ ಹೋದನು. ಹಳೆಯ ತೆಳು ತಂತಿಯನ್ನೂ 2.5ರ ತಂತಿಯನ್ನೂ ಹೋಲಿಸಿದಾಗ ಹತ್ತರಲ್ಲಿ ಒಂಬತ್ತು ಸಲ ಅವರು ಸರಿಯಾಗಿ ಗುರುತಿಸಿದರು. 2.5ರ ತಂತಿಯನ್ನೂ ದುಬಾರಿ ತಂತಿಯನ್ನೂ ಹೋಲಿಸಿದಾಗ ಹತ್ತರಲ್ಲಿ ಐದು. ನಾಣ್ಯವನ್ನೇ ಕೇಳಿದ್ದರೂ ಅದು ಅಷ್ಟೇ ಹೇಳುತ್ತಿತ್ತು.

ಒಂದು ಮನೆಯ ಹತ್ತು ಪರೀಕ್ಷೆಗಳಿಂದ ಸಿದ್ಧಾಂತ ಹುಟ್ಟುವುದಿಲ್ಲವೆಂಬುದನ್ನು ಬಲ್ಲೆವು. ಆದರೆ ದೊಡ್ಡವರ ಪರೀಕ್ಷೆಗಳೂ ಇದೇ ದಿಕ್ಕನ್ನು ತೋರಿಸುತ್ತವೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ವಿಶೇಷ ತಂತಿಗಳ ವ್ಯಾಪಾರ ಪ್ರಾರಂಭವಾದ ಮೇಲೆ, 1983ರಲ್ಲಿ ಸ್ಟೀರಿಯೋ ರಿವ್ಯೂ ಪತ್ರಿಕೆಗಾಗಿ ಲಾರೆನ್ಸ್ ಗ್ರೀನ್‌ಹಿಲ್ ಎಂಬುವರು 30 ಅಡಿ ಉದ್ದದ ತಂತಿಗಳನ್ನು ಶ್ರೋತೃಗಳ ಮುಂದೆ ಮರೆಯಲ್ಲಿಟ್ಟು ಪರೀಕ್ಷಿಸಿದರು. ಐದನೆಯ ಒಂದು ಚದರ ಮಿಲಿಮೀಟರಿನಷ್ಟು ಮಾತ್ರವಿದ್ದ ಅತಿ ತೆಳು ತಂತಿಯನ್ನು ಭೋರ್ಗರೆತದಂತಹ ಪರೀಕ್ಷಾಧ್ವನಿಯಲ್ಲಿ ಶ್ರೋತೃಗಳು ಗುರುತಿಸಿದರು, 1.3 ಚದರ ಮಿಲಿಮೀಟರಿನ ಸಾಧಾರಣ ತಂತಿಗೂ ಬೆಲೆಯುಳ್ಳ ತಂತಿಗೂ ಸಂಗೀತದಲ್ಲಿ ಭೇದವನ್ನು ಕಾಣಲಾರದೆ ಹೋದರು. ಫ್ರೆಡ್ ಡೇವಿಸ್ ಎಂಬುವರು 1991ರಲ್ಲಿ ಅಮೆರಿಕದ ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಹಲವು ತಂತಿಗಳ ಅಳತೆಗಳನ್ನು ಪ್ರಕಟಿಸಿ, ಸುಮಾರು 3.3 ಚದರ ಮಿಲಿಮೀಟರಿನ ತಂತಿಯು ಕಠಿಣವಾದ ಸಂದರ್ಭಗಳಿಗೂ ಬೇಕಾದುದಕ್ಕಿಂತ ಹೆಚ್ಚೇ ಎಂದು ಅಭಿಪ್ರಾಯಪಟ್ಟರು.

ಮಾರಾಟಗಾರರು ಮುಂದಿಡುವ ಇನ್ನೆರಡು ವಾದಗಳನ್ನು ಇಲ್ಲಿಯೇ ತೀರಿಸಿಬಿಡೋಣ. ವೇಗವಾಗಿ ಕಂಪಿಸುವ ಪ್ರವಾಹವು ತಂತಿಯ ಹೊರಮೈಗೆ ಸರಿಯುತ್ತದೆಂಬುದು ಒಂದು. ಮಾತು ನಿಜ. ಸೆಕೆಂಡಿಗೆ 20,000 ಕಂಪನಗಳಲ್ಲಿ ತಾಮ್ರದೊಳಗೆ ಪ್ರವಾಹವು ಇಳಿಯುವ ಆಳ ಸುಮಾರು ಅರ್ಧ ಮಿಲಿಮೀಟರಿಗೆ ತಗ್ಗುತ್ತದೆ. ಅದರಿಂದ 2.5ರ ತಂತಿಯ ರೋಧ ಹೆಚ್ಚುವುದು ಐದನೆಯ ಒಂದು ಪಾಲು, ಎಂದರೆ 0.19 ಓಮ್ 0.23 ಆಗುತ್ತದೆ, ಅದೂ ನಮ್ಮ ನಿಮ್ಮಂತಹವರ ಕಿವಿಗೆ ಎಟುಕದ ಎತ್ತರದ ಸ್ವರದಲ್ಲಿ. ಬೆಳ್ಳಿ ತಾಮ್ರಕ್ಕಿಂತ ಉತ್ತಮ ವಾಹಕವೆಂಬುದು ಎರಡನೆಯದು. ಇದೂ ನಿಜ, ನೂರಕ್ಕೆ ಐದಾರರಷ್ಟು. ಅಷ್ಟನ್ನು ತಾಮ್ರವನ್ನು ಕೂದಲೆಳೆಯಷ್ಟು ದಪ್ಪಗೊಳಿಸಿ ಪಡೆಯಬಹುದಾಗಿರುವಾಗ ಬೆಳ್ಳಿಯನ್ನು ಅಕ್ಕಸಾಲಿಗನ ಬಳಿಯೇ ಬಿಡುವುದು ಲೇಸು. ಇವಕ್ಕಿಂತ ಹೆಚ್ಚು ಉಪಯೋಗವುಳ್ಳ ಸೂಚನೆಯೊಂದಿದೆ: ಹೋಗುವ ತಂತಿ, ಬರುವ ತಂತಿಗಳನ್ನು ಬೇರೆ ಬೇರೆ ಗೋಡೆಗಳ ಮೇಲೆ ಒಯ್ಯದೆ ಜೊತೆಯಾಗಿ ಒಯ್ಯಬೇಕು. ಅವು ದೂರವಾದಷ್ಟೂ ಅವುಗಳ ಸ್ವಪ್ರೇರಣೆ ಹೆಚ್ಚಿ ತಾರ ಸ್ವರಗಳಿಗೆ ಅಡ್ಡಿಯಾಗುತ್ತದೆ.

ಇದನ್ನೆಲ್ಲ ಕೇಳಿದ ಮೇಲೆ ಉಪಾಧ್ಯಾಯರು ಒಂದು ಒಳ್ಳೆಯ ಪ್ರಶ್ನೆಯನ್ನು ಹಾಕಿದರು. “ಹಾಗಾದರೆ ನಮ್ಮೂರ ಜಾತ್ರೆಯಲ್ಲಿ ಮರಮರಕ್ಕೂ ಕಟ್ಟುವ ಕಹಳೆಗಳಿಗೆ ಅರ್ಧ ಮೈಲಿ ಸಣ್ಣ ತಂತಿ ಎಳೆಯುತ್ತಾರಲ್ಲ, ಅವು ಹೇಗೆ ಕೂಗುತ್ತವೆ?” ಇದರ ಉತ್ತರದಲ್ಲಿ ಮೇಲೆ ಹೇಳಿದ ಬಲ್ಬಿನ ಗುಟ್ಟೇ ಇದೆ. ಅಲ್ಲಿ ಆಂಪ್ಲಿಫಯರಿನಿಂದ ಹೊರಡುವ ಒತ್ತಡವನ್ನು ಟ್ರಾನ್ಸ್‌ಫಾರ್ಮರಿನಿಂದ 100 ವೋಲ್ಟಿಗೆ ಏರಿಸಿ, ಪ್ರತಿ ಕಹಳೆಯ ಬಳಿಯಲ್ಲೂ ಇನ್ನೊಂದು ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಮತ್ತೆ ಇಳಿಸುತ್ತಾರೆ. 30 ವಾಟಿನ ಕಹಳೆ 100 ವೋಲ್ಟಿನ ಮೇಲೆ ಎಳೆಯುವುದು 0.3 ಆಂಪಿಯರು ಮಾತ್ರ. ತಂತಿಯ ಕಣ್ಣಿಗೆ ಅದು 333 ಓಮಿನಂತೆ ಕಾಣುತ್ತದೆ. 200 ಮೀಟರು ದೂರಕ್ಕೆ 23/36ರ ತಾಮ್ರದ ತಂತಿಯನ್ನು ಎಳೆದರೆ ಅದರ ರೋಧ ಸುಮಾರು 10 ಓಮ್. 333ರ ಎದುರಿನಲ್ಲಿ ಇದು ಏನೂ ಅಲ್ಲ; ನೂರಕ್ಕೆ ತೊಂಬತ್ತನಾಲ್ಕರಷ್ಟು ಶಕ್ತಿ ಕಹಳೆಗೆ ಮುಟ್ಟುತ್ತದೆ. ಅದೇ ತಂತಿಯಿಂದ 8 ಓಮಿನ ಕಹಳೆಯನ್ನು ನೇರವಾಗಿ ಜೋಡಿಸಿದ್ದರೆ ಮುಟ್ಟುತ್ತಿದ್ದುದು ಐದನೆಯ ಒಂದು ಪಾಲಿಗೂ ಕಡಮೆ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ನೂರೈವತ್ತು ಕಿಲೋಮೀಟರಿನಷ್ಟು ದೂರ ಸಾಗಿಸಿದಾಗಲೂ ಒತ್ತಡವನ್ನು ಏರಿಸಿ ಪ್ರವಾಹವನ್ನು ತಗ್ಗಿಸುವ ಇದೇ ಉಪಾಯವನ್ನು ಅನುಸರಿಸಿದರು. ಮನೆಯ ಸಂಗೀತಕ್ಕೆ ಇದನ್ನು ಬಳಸದಿರುವುದಕ್ಕೆ ಕಾರಣ, ಆ ಸಣ್ಣ ಟ್ರಾನ್ಸ್‌ಫಾರ್ಮರುಗಳು ಮಂದ್ರ ಸ್ವರಗಳನ್ನು ಚೆನ್ನಾಗಿ ದಾಟಿಸಲಾರವು. ಜಾತ್ರೆಯ ಕಹಳೆಯಲ್ಲಿ ಅದನ್ನು ಯಾರೂ ನಿರೀಕ್ಷಿಸುವುದಿಲ್ಲ.

ಕೊಳ್ಳುವವರಿಗೆ ಇನ್ನು ಹೇಳಬೇಕಾದುದು ಸ್ವಲ್ಪವೇ ಉಳಿದಿದೆ. ತಂತಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ: ತಾಮ್ರದ ತೂಕ ಅಲ್ಯುಮಿನಿಯಮ್ಮಿನ ಮೂರು ಪಟ್ಟಿಗಿಂತ ಹೆಚ್ಚು, ದಪ್ಪ ಪ್ಲಾಸ್ಟಿಕ್ಕಿನ ಹೊದಿಕೆಯಿಂದ ಮೋಸಹೋಗಬೇಡಿ. ಸಂಶಯವಿದ್ದರೆ ಒಂದು ಎಳೆಯನ್ನು ಕೆರೆಯಿರಿ. ತುದಿಗಳನ್ನು ಬಿಗಿಯಾಗಿ ತಿರುಚಿ, ಒಂದು ಎಳೆಯೂ ಹೊರಗೆ ಚಾಚಿ ಪಕ್ಕದ ಕೊಂಡಿಯನ್ನು ಮುಟ್ಟದಂತೆ ಸ್ಕ್ರೂ ಬಿಗಿಯಿರಿ. ಸಡಿಲವಾದ, ಕಿಲುಬು ಹಿಡಿದ ಒಂದು ಜೋಡಣೆ ಹತ್ತು ಮೀಟರು ಒಳ್ಳೆಯ ತಂತಿಯ ಗುಣವನ್ನು ನುಂಗಿಹಾಕಬಲ್ಲದು. ಕೆಂಪು ತುದಿ ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಲಿ. ಎರಡು ಸ್ಪೀಕರುಗಳಲ್ಲಿ ಒಂದು ಮಾತ್ರ ಅದಲುಬದಲಾದರೆ ಒಂದು ಮುಂದಕ್ಕೆ ತಳ್ಳಿದ ಗಾಳಿಯನ್ನು ಇನ್ನೊಂದು ಹಿಂದಕ್ಕೆ ಎಳೆದು, ಮಂದ್ರ ಸ್ವರವೇ ಮಾಯವಾಗುತ್ತದೆ.

ಉಪಾಧ್ಯಾಯರ ಮನೆಯಿಂದ ಕಿತ್ತ ಹಳೆಯ ತಂತಿಯನ್ನು ಮೊಮ್ಮಗನು ಬ್ಯಾಟರಿಯ ಕರೆಗಂಟೆಯೊಂದಕ್ಕೆ ಜೋಡಿಸಿ, ಅಜ್ಜನ ಮಂಚದಿಂದ ಅಡಿಗೆಮನೆಯವರೆಗೆ ಎಳೆದಿದ್ದಾನೆ. ಅಲ್ಲಿ ಅದು ಯಾವ ದೂರಿಗೂ ಎಡೆಗೊಡದೆ ಕೆಲಸಮಾಡುತ್ತಿದೆ.